ಐಟಿಐ, ಡಿಪ್ಲೊಮಾ ಫೀಸು ಮತ್ತು ವಿದ್ಯಾರ್ಥಿವೇತನ: ಕೋಲಾರದ ಕಡೆಯ ಪೋಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರ ಜಿಲ್ಲೆಯ ಒಂದು ಸಣ್ಣ ಖಾಸಗಿ ತಾಂತ್ರಿಕ ಕಾಲೇಜಿನ ಕಚೇರಿಯಲ್ಲಿ ವಿದ್ಯಾರ್ಥಿವೇತನದ ಕೆಲಸ ನನ್ನ ಪಾಲಿನದು. ಒಂದೇ ಆವರಣದಲ್ಲಿ ಐಟಿಐ, ಡಿಪ್ಲೊಮಾ ಎರಡೂ ಇವೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮಾರನೇ ದಿನದಿಂದಲೇ ಮುಳಬಾಗಿಲು, ಶ್ರೀನಿವಾಸಪುರ, ಬಂಗಾರಪೇಟೆ, ಮಾಲೂರಿನ ಕಡೆಯಿಂದ ಅಪ್ಪ ಅಮ್ಮಂದಿರು ಬರತೊಡಗುತ್ತಾರೆ. ಮೊದಲ ಮಾತು "ಫೀಸು ಎಷ್ಟು?" ಎರಡನೇ ಮಾತು "ಸ್ಕಾಲರ್‌ಷಿಪ್ ಬರುತ್ತಲ್ವಾ?" ಫೀಸು ಕಟ್ಟುವ ದಿನಕ್ಕೂ ಸ್ಕಾಲರ್‌ಷಿಪ್ ಕೈಗೆ ಬರುವ ದಿನಕ್ಕೂ ನಡುವೆ ಎಷ್ಟೋ ತಿಂಗಳು ಕಳೆಯುತ್ತವೆ. ನಾನು ಕಂಡಂತೆ ಮಕ್ಕಳು ಓದು ಬಿಡುವುದು ಹೆಚ್ಚಾಗಿ ಆ ತಿಂಗಳುಗಳಲ್ಲೇ. ಅದಕ್ಕಾಗಿ ಕೌಂಟರಿನಲ್ಲಿ ದಿನಾ ಹೇಳುವುದನ್ನು ಇಲ್ಲಿ ಬರೆದಿದ್ದೇನೆ.

ಒಟ್ಟು ಎಷ್ಟು ಖರ್ಚಾಗುತ್ತೆ ಮೇಡಂ?

ಯಾವ ಕಾಲೇಜಿಗೆ ಹೋದರೂ "ಫೀಸು ಎಷ್ಟು" ಎಂದು ಕೇಳಬೇಡಿ, "ಕೋರ್ಸು ಮುಗಿಯುವವರೆಗೆ ಒಟ್ಟು ಎಷ್ಟು" ಎಂದು ಕೇಳಿ. ಬೋಧನಾ ಶುಲ್ಕ ಒಂದು ಭಾಗ ಮಾತ್ರ. ಪ್ರವೇಶ ಶುಲ್ಕ, ಪರೀಕ್ಷಾ ಶುಲ್ಕ, ವರ್ಕ್‌ಶಾಪ್ ಸಾಮಗ್ರಿ, ಸಮವಸ್ತ್ರ, ಸೇಫ್ಟಿ ಶೂ, ಪುಸ್ತಕ, ವಾಪಸ್ ಕೊಡುವ ಠೇವಣಿ, ಇವೆಲ್ಲ ಬೇರೆ ಬೇರೆ ಹೆಸರಿನಲ್ಲಿ ಬರುತ್ತವೆ. ಡಿಪ್ಲೊಮಾದಲ್ಲಿ ಡ್ರಾಯಿಂಗ್ ಸಾಮಾನೂ ಸೇರುತ್ತದೆ. ಬಾಯಲ್ಲಿ ಹೇಳಿದ್ದನ್ನು ಚೀಟಿಯಲ್ಲಿ ಬರೆಸಿಕೊಳ್ಳಿ, ಕೊಟ್ಟ ಪ್ರತಿ ರೂಪಾಯಿಗೂ ರಸೀದಿ ಪಡೆಯಿರಿ. ನಿಗದಿಯಾದ ಶುಲ್ಕದ ಮೇಲೆ ಡೊನೇಷನ್ ಕೇಳುವುದನ್ನು ಕರ್ನಾಟಕದಲ್ಲಿ 1984ರ ಕಾಯ್ದೆ ನಿಷೇಧಿಸಿದೆ. ರಸೀದಿ ಕೊಡಲು ಹಿಂಜರಿಯುವ ಕಡೆ ಮಗುವನ್ನು ಸೇರಿಸಬೇಡಿ. ಆ ರಸೀದಿ ಮುಂದೆ ಸ್ಕಾಲರ್‌ಷಿಪ್ ಅರ್ಜಿಗೂ ಬೇಕು.

ಟ್ರೇಡ್ ಆರಿಸುವಾಗ ಅವಧಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಎಲೆಕ್ಟ್ರಿಷಿಯನ್, ಫಿಟ್ಟರ್ ಎರಡು ವರ್ಷ. ವೆಲ್ಡರ್, ಕಂಪ್ಯೂಟರಿನ ಕೋಪಾ ಒಂದು ವರ್ಷ. ಡಿಪ್ಲೊಮಾ ಮೂರು ವರ್ಷ.

ಸರ್ಕಾರಿ ಐಟಿಐ ಇರುವಾಗ ಖಾಸಗಿಗೆ ಯಾಕೆ ಸೇರಿಸಬೇಕು?

ಸರ್ಕಾರಿ ಸೀಟು ಸಿಗುವುದಾದರೆ ಅಲ್ಲಿಗೇ ಸೇರಿಸಿ. ಖಾಸಗಿ ಕಾಲೇಜಿನಲ್ಲಿ ಸಂಬಳ ತೆಗೆದುಕೊಳ್ಳುವವಳಾದರೂ ಇದನ್ನು ಮನಸ್ಸಿನಿಂದ ಹೇಳುತ್ತಿದ್ದೇನೆ. ಅಲ್ಲಿ ಫೀಸು ತುಂಬ ಕಡಿಮೆ, ಸರ್ಟಿಫಿಕೇಟಿನ ಬೆಲೆ ಮಾತ್ರ ಖಾಸಗಿಯದರಷ್ಟೇ. ಕೈಗಾರಿಕಾ ತರಬೇತಿ ಮತ್ತು ಉದ್ಯೋಗ ಇಲಾಖೆ ಆನ್‌ಲೈನಿನಲ್ಲಿ ಅರ್ಜಿ ಕರೆದು ಅಂಕದ ಮೇಲೆ ಸೀಟು ಹಂಚುತ್ತದೆ. ಡಿಪ್ಲೊಮಾಕ್ಕೂ ಮೊದಲು ಸರ್ಕಾರಿ ಪಾಲಿಟೆಕ್ನಿಕ್‌ಗೆ ಅರ್ಜಿ ಹಾಕಿ. ಬೇಕಾದ ಟ್ರೇಡ್ ಸಿಗದಿದ್ದರೆ, ಊರಿಂದ ಓಡಾಡುವುದು ಆಗದಿದ್ದರೆ ನಮ್ಮಂಥ ಕಡೆ ಬನ್ನಿ.

ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು. ಮೂರು ವರ್ಷದ ಖರ್ಚು ಈಗಲೇ ಹೊರಲಾಗದ ಮನೆಯ ಮಕ್ಕಳಿಗೆ ಇದು ಒಳ್ಳೆಯ ದಾರಿ.

ಕಂತಿನಲ್ಲಿ ಕಟ್ಟಬಹುದಾ?

ಕೇಳಿದರೆ ಸಣ್ಣ ಕಾಲೇಜುಗಳಲ್ಲಿ ಬಹುತೇಕ ಒಪ್ಪುತ್ತಾರೆ. ಕೇಳದಿದ್ದರೆ ಯಾರೂ ತಾವಾಗಿ ಹೇಳುವುದಿಲ್ಲ. ಕಂತಿನ ದಿನ ಗೊತ್ತು ಮಾಡುವಾಗ ನಿಮ್ಮ ಮನೆಗೆ ದುಡ್ಡು ಬರುವ ದಿನವನ್ನು ಮುಂದಿಡಿ. ಡೇರಿಗೆ ಹಾಲು ಹಾಕುವವರಿಗೆ ಬಟವಾಡೆ ಆಗುವ ದಿನ ಗೊತ್ತಿರುತ್ತದೆ, ಅದರ ಮಾರನೇ ದಿನಕ್ಕೆ ಸಣ್ಣ ಕಂತು ಹಾಕಿಸಿಕೊಳ್ಳಿ. ಶ್ರೀನಿವಾಸಪುರದ ಮಾವಿನ ತೋಟದವರಿಗೆ ದುಡ್ಡು ಕಾಣುವುದು ಬೇಸಿಗೆ ಕೊನೆಯಿಂದ ಮಳೆಗಾಲದ ಆರಂಭದವರೆಗೆ, ಅವರು ಸೇರುವಾಗಲೇ ದೊಡ್ಡ ಭಾಗ ಕಟ್ಟಿಬಿಡುವುದು ಮೇಲು. ಟೊಮೆಟೊ ನಂಬಿ ಮಾತ್ರ ದಿನಾಂಕ ಬರೆದು ಕೊಡಬೇಡಿ. ಕೋಲಾರದ ಮಂಡಿಯಲ್ಲಿ ಬಾಕ್ಸಿನ ರೇಟು ಒಂದು ವಾರ ಇದ್ದ ಹಾಗೆ ಇನ್ನೊಂದು ವಾರ ಇರುವುದಿಲ್ಲ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಸ್ಕಾಲರ್‌ಷಿಪ್ ಬರುತ್ತೆ ಅಂದ್ಮೇಲೆ ಈಗಲೇ ಯಾಕೆ ಕಟ್ಟಬೇಕು?

ನೀವು ಈ ವರ್ಷ ಅರ್ಜಿ ಹಾಕುತ್ತೀರಿ, ಕಾಲೇಜು ಪರಿಶೀಲಿಸುತ್ತದೆ, ಇಲಾಖೆ ಮಂಜೂರು ಮಾಡುತ್ತದೆ, ಆಮೇಲೆ ಹಣ ನೇರವಾಗಿ ವಿದ್ಯಾರ್ಥಿಯ ಖಾತೆಗೆ ಹೋಗುತ್ತದೆ. ಇದು ಶೈಕ್ಷಣಿಕ ವರ್ಷದ ಕೊನೆಗೂ ಆಗಬಹುದು, ಮುಂದಿನ ವರ್ಷಕ್ಕೂ ದಾಟಬಹುದು. ಅಲ್ಲಿಯವರೆಗೆ ಶಿಕ್ಷಕರ ಸಂಬಳ, ಕರೆಂಟು ಬಿಲ್ಲು, ವೆಲ್ಡಿಂಗ್ ರಾಡು ಎಲ್ಲವನ್ನೂ ಕಾಲೇಜು ಫೀಸಿನಿಂದಲೇ ನಡೆಸಬೇಕು. ಹಾಗೆಂದು ಪೂರ್ತಿ ಹಣ ಮೊದಲೇ ಕೊಡಿ ಎಂದು ಒತ್ತಾಯ ಮಾಡುವುದೂ ನ್ಯಾಯವಲ್ಲ. ಪರಿಶಿಷ್ಟ ಜಾತಿಯ ಅರ್ಹ ವಿದ್ಯಾರ್ಥಿಗಳು ಮುಂಗಡ ಶುಲ್ಕವಿಲ್ಲದೆ ಸೇರಲು ಕೇಂದ್ರದ ಮಾರ್ಗಸೂಚಿಯಲ್ಲಿ ಫ್ರೀಶಿಪ್ ಕಾರ್ಡಿನ ವ್ಯವಸ್ಥೆ ಇದೆ. ಸೇರುವ ಮುಂಚೆಯೇ ಅದನ್ನು ಕಚೇರಿಯಲ್ಲಿ ಪ್ರಸ್ತಾಪಿಸಿ. ಉಳಿದವರು "ಸ್ಕಾಲರ್‌ಷಿಪ್ ಬಂದ ಮೇಲೆ ಇಷ್ಟು, ಈಗ ಇಷ್ಟು" ಎಂದು ಪ್ರಾಂಶುಪಾಲರಿಗೆ ಒಂದು ಅರ್ಜಿ ಬರೆದು ಒಪ್ಪಿಗೆ ಪಡೆಯಿರಿ.

ನಮಗೆ ಯಾವ ಸ್ಕಾಲರ್‌ಷಿಪ್ ಸಿಗುತ್ತೆ?

ರಾಜ್ಯದ ಬಹುತೇಕ ಯೋಜನೆಗಳಿಗೆ ಒಂದೇ ಬಾಗಿಲು, ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶ. ಎಲ್ಲರೂ ಎಸ್‌ಎಸ್‌ಪಿ ಎನ್ನುತ್ತಾರೆ. ಸಮಾಜ ಕಲ್ಯಾಣಕ್ಕೊಂದು, ಹಿಂದುಳಿದ ವರ್ಗಕ್ಕೊಂದು ಎಂದು ಬೇರೆ ಬೇರೆ ಅರ್ಜಿ ಹಾಕಬೇಕಾಗಿಲ್ಲ. ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರದ ಮೇಲೆ ಅಚ್ಚಾಗಿರುವ ಆರ್‌ಡಿ ನಂಬರ್, ಕಾಲೇಜಿನ ನೋಂದಣಿ ಸಂಖ್ಯೆ ಕೊಟ್ಟರೆ ನಿಮ್ಮ ಅರ್ಜಿ ಸಂಬಂಧಪಟ್ಟ ಇಲಾಖೆಗೆ ಹೋಗುತ್ತದೆ.

ಪರಿಶಿಷ್ಟ ಜಾತಿಯ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಕುಟುಂಬದ ವಾರ್ಷಿಕ ಆದಾಯ 2.5 ಲಕ್ಷ ರೂಪಾಯಿ ಮೀರಿರಬಾರದು. ಐಟಿಐ ಮತ್ತು ಮೂರು ವರ್ಷದ ಡಿಪ್ಲೊಮಾ ಈ ಯೋಜನೆಯ ನಾಲ್ಕನೇ ಗುಂಪಿನಲ್ಲಿ ಬರುತ್ತವೆ. ಮನೆಯಿಂದ ಓಡಾಡುವವರಿಗೆ ವರ್ಷಕ್ಕೆ 2,500, ಹಾಸ್ಟೆಲಿನವರಿಗೆ 4,000 ರೂಪಾಯಿ ಶೈಕ್ಷಣಿಕ ಭತ್ಯೆ. ಅಂಗವಿಕಲರಿಗೆ ಇದರ ಮೇಲೆ ಶೇ. 10 ಹೆಚ್ಚು. ಕಟ್ಟಲೇಬೇಕಾದ, ವಾಪಸ್ ಬಾರದ ಶುಲ್ಕದ ಮರುಪಾವತಿ ಇದಕ್ಕೆ ಹೊರತಾದದ್ದು, ದೊಡ್ಡ ನೆರವು ಸಿಗುವುದು ಅಲ್ಲೇ. ಹಾಜರಾತಿ ಶೇ. 75 ಇರಬೇಕು. ಪ್ರತಿ ವರ್ಷ ಹತ್ತಾರು ಮಕ್ಕಳು ಎಡವುವುದು ಈ ಹಾಜರಾತಿಯ ಮಾತಿನಲ್ಲಿ. ದುಡಿಯಲು ಹೋಗಿ ತಿಂಗಳುಗಟ್ಟಲೆ ಬಾರದಿದ್ದರೆ ಆಮೇಲೆ ನಾವೂ ಏನೂ ಮಾಡಲಾಗದು.

ಹಿಂದುಳಿದ ವರ್ಗಗಳಲ್ಲಿ ಪ್ರವರ್ಗ-1ಕ್ಕೆ ಆದಾಯ ಮಿತಿ ಹೆಚ್ಚು, 2ಎ, 3ಎ, 3ಬಿಗೆ ಕಡಿಮೆ. ಆ ವರ್ಷದ ಸುತ್ತೋಲೆಯ ಅಂಕಿಯನ್ನೇ ನೋಡಿ, ಪಕ್ಕದ ಮನೆಯವರ ಹಳೆಯ ಮಾತನ್ನಲ್ಲ. ಕೇಂದ್ರದ ಅಲ್ಪಸಂಖ್ಯಾತರ ಮೆಟ್ರಿಕ್ ನಂತರದ ಯೋಜನೆಯ ನಿಯಮದಲ್ಲಿ ಆದಾಯ 2 ಲಕ್ಷದೊಳಗೆ, ಹಿಂದಿನ ಪರೀಕ್ಷೆಯಲ್ಲಿ ಶೇ. 50 ಅಂಕ ಎಂದಿತ್ತು, ಈ ವರ್ಷ ಅರ್ಜಿ ಕರೆದಿದ್ದಾರೆಯೇ ಎಂದು ಮೊದಲು ನೋಡಿಕೊಳ್ಳಿ.

ಕಟ್ಟಡ ಕೆಲಸದವರ ಮಕ್ಕಳಿಗೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಶೈಕ್ಷಣಿಕ ನೆರವು ಇದೆ. ಗಾರೆ, ಸೆಂಟ್ರಿಂಗ್, ಪೇಂಟಿಂಗ್, ಟೈಲ್ಸ್, ಯಾವುದೇ ಆಗಲಿ, ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದ 18ರಿಂದ 60 ವಯಸ್ಸಿನವರು ಲೇಬರ್ ಕಾರ್ಡ್ ಮಾಡಿಸಬಹುದು. ಕಾರ್ಡ್ ಇದ್ದೂ ನವೀಕರಿಸದೆ ಬಿಟ್ಟವರು ಎಷ್ಟೋ ಜನ.

ನಾವು ರೈತರು. ವಿದ್ಯಾನಿಧಿ ನಮಗೆ ಯಾಕೆ ಬರಲಿಲ್ಲ?

ರೈತ ವಿದ್ಯಾನಿಧಿ 2021ರಲ್ಲಿ ಶುರುವಾದಾಗ ಪಿಯುಸಿ, ಐಟಿಐ, ಡಿಪ್ಲೊಮಾ ಓದುವ ಹುಡುಗರಿಗೆ ವರ್ಷಕ್ಕೆ 2,500, ಹುಡುಗಿಯರಿಗೆ 3,000 ರೂಪಾಯಿ ಎಂದು ನಿಗದಿಯಾಗಿತ್ತು. ಅದಕ್ಕೆ ಫ್ರೂಟ್ಸ್ ತಂತ್ರಾಂಶದ ಎಫ್‌ಐಡಿ, ಅಂದರೆ ರೈತರ ಗುರುತಿನ ಸಂಖ್ಯೆ ಬೇಕು. ತೊಡಕು ಇರುವುದು ಪಹಣಿಯಲ್ಲಿ. ಉಳುವವನು ಅಪ್ಪ, ಪಹಣಿ ಇರುವುದು ತೀರಿಕೊಂಡ ತಾತನ ಹೆಸರಿನಲ್ಲಿ. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಭಾಗ ಮಾಡಿಕೊಂಡು ಇಪ್ಪತ್ತು ವರ್ಷವಾದರೂ ದಾಖಲೆ ಬದಲಾಗಿರುವುದಿಲ್ಲ. ಪೌತಿ ಖಾತೆ ಮಾಡಿಸಿಕೊಂಡು, ರೈತ ಸಂಪರ್ಕ ಕೇಂದ್ರದಲ್ಲಿ ಎಫ್‌ಐಡಿ ಪಡೆಯಿರಿ. ಮಗು ಒಂಬತ್ತನೇ ತರಗತಿಯಲ್ಲಿರುವಾಗಲೇ ಈ ಕೆಲಸಕ್ಕೆ ಕೈ ಹಾಕಿ, ಕಾಲೇಜಿಗೆ ಸೇರಿದ ಮೇಲೆ ಓಡಾಡಿದರೆ ಆ ವರ್ಷ ಕೈತಪ್ಪುತ್ತದೆ.

ನಾವು ಜನರಲ್. ನಮಗೇನೂ ಇಲ್ಲವಾ?

ಇದೆ. ರೈತ ವಿದ್ಯಾನಿಧಿ, ಲೇಬರ್ ಕಾರ್ಡಿನ ನೆರವು, ಕೆಳಗೆ ಹೇಳುವ ಪ್ರಗತಿ, ಸಾಲ, ಯಾವುದಕ್ಕೂ ಜಾತಿ ಅಡ್ಡ ಬರುವುದಿಲ್ಲ. ಬ್ರಾಹ್ಮಣ ವಿದ್ಯಾರ್ಥಿಗಳಿಗೆ ಬ್ರಾಹ್ಮಣ ಅಭಿವೃದ್ಧಿ ಮಂಡಳಿಯ ಸಾಂದೀಪನಿ ಇದೆ.

ಮಗಳು ಡಿಪ್ಲೊಮಾ ಸೇರುತ್ತಿದ್ದಾಳೆ. ಅವಳಿಗೆ ವಿಶೇಷವಾಗಿ ಏನಾದರೂ?

ಈ ಪ್ರಶ್ನೆಯನ್ನು ಇನ್ನೂ ಹೆಚ್ಚು ಜನ ಕೇಳಬೇಕಿತ್ತು. ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿಯಾದ ಎಐಸಿಟಿಇಯ ಪ್ರಗತಿ ವಿದ್ಯಾರ್ಥಿವೇತನದಲ್ಲಿ ಹೆಣ್ಣುಮಕ್ಕಳಿಗೆ ವರ್ಷಕ್ಕೆ 50,000 ರೂಪಾಯಿ. ಮೊದಲ ವರ್ಷಕ್ಕೆ ಸೇರಿದವರಿಗೆ ಮೂರು ವರ್ಷ, ಐಟಿಐ ಮುಗಿಸಿ ನೇರ ಎರಡನೇ ವರ್ಷಕ್ಕೆ ಬಂದವರಿಗೆ ಎರಡು ವರ್ಷ. ಕುಟುಂಬದ ಆದಾಯ 8 ಲಕ್ಷದೊಳಗಿರಬೇಕು, ಒಂದು ಮನೆಯಿಂದ ಇಬ್ಬರು ಹೆಣ್ಣುಮಕ್ಕಳವರೆಗೆ ಅವಕಾಶ. ದೇಶದಾದ್ಯಂತ ಡಿಪ್ಲೊಮಾಕ್ಕೆ ವರ್ಷಕ್ಕೆ 5,000 ಮಂದಿ ಎಂದು ಯೋಜನೆ ರೂಪಿಸಿದ್ದರು, ಆಯ್ಕೆ ಅಂಕದ ಮೇಲೆ. ಅರ್ಜಿ ಹಾಕುವುದು ಎಸ್‌ಎಸ್‌ಪಿಯಲ್ಲಲ್ಲ, ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲಿನಲ್ಲಿ. ಶೇ. 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯ ಇರುವ ಹುಡುಗ ಹುಡುಗಿಯರಿಗೆ ಇದೇ ಮೊತ್ತದ ಸಕ್ಷಮ್ ಇದೆ. ತಂದೆ ತಾಯಿ ಇಬ್ಬರೂ ಇಲ್ಲದ ಮಕ್ಕಳಿಗೆ ಸ್ವನಾಥ್ ಇದೆ.

ಎರಡು ವಿಷಯ ನೆನಪಿರಲಿ. ಕಾಲೇಜಿಗೆ ಎಐಸಿಟಿಇ ಮಾನ್ಯತೆ ಇರಬೇಕು, ಐಟಿಐಗೆ ಈ ವಿದ್ಯಾರ್ಥಿವೇತನ ಅನ್ವಯಿಸುವುದಿಲ್ಲ. ಇನ್ನೊಂದು, ಪ್ರಗತಿ ಪಡೆಯುವವರು ಕೇಂದ್ರ ಅಥವಾ ರಾಜ್ಯದ ಬೇರೆ ವಿದ್ಯಾರ್ಥಿವೇತನವನ್ನು ಅದೇ ಕೋರ್ಸಿಗೆ ಜೊತೆಯಲ್ಲಿ ಪಡೆಯುವಂತಿಲ್ಲ. ಹಾಗಾಗಿ ಶುಲ್ಕ ಮರುಪಾವತಿಗೆ ಅರ್ಹಳಾದ ಮಗಳಿದ್ದರೆ, ಯಾವುದು ಹೆಚ್ಚು ಎಂದು ಕಾಲೇಜಿನವರೊಂದಿಗೆ ಕೂತು ಲೆಕ್ಕ ಹಾಕಿ ಆಮೇಲೆ ತೀರ್ಮಾನ ಮಾಡಿ.

ಎಸ್ಸೆಸ್ಸೆಲ್ಸಿ, ಪಿಯುಸಿ ಎರಡನ್ನೂ ಸರ್ಕಾರಿ ಶಾಲೆ ಕಾಲೇಜಿನಲ್ಲಿ ಓದಿ ಆಮೇಲೆ ಡಿಪ್ಲೊಮಾ ಸೇರುವ ಹುಡುಗಿಯರು ಅಜೀಂ ಪ್ರೇಮ್‌ಜಿ ವಿದ್ಯಾರ್ಥಿವೇತನವನ್ನೂ ನೋಡಿ. ಅದು ವರ್ಷಕ್ಕೆ 30,000.

ಅರ್ಜಿ ಹಾಕಿದೀವಿ, ಮಂಜೂರಾಗಿದೆ ಅಂತ ತೋರಿಸುತ್ತೆ, ದುಡ್ಡು ಮಾತ್ರ ಬಂದಿಲ್ಲ.

ನನ್ನ ಕೌಂಟರಿಗೆ ಬರುವ ಅತಿ ಹೆಚ್ಚು ದೂರು ಇದೇ. ಸ್ಕಾಲರ್‌ಷಿಪ್ ಹಣ ನೀವು ಪಾಸ್‌ಬುಕ್ ಕೊಟ್ಟ ಖಾತೆಗೆ ಹೋಗುತ್ತದೆ ಎಂದುಕೊಂಡಿದ್ದೀರಿ. ಅದು ಹೋಗುವುದು ವಿದ್ಯಾರ್ಥಿಯ ಆಧಾರ್ ಸಂಖ್ಯೆ ಕೊನೆಯದಾಗಿ ಯಾವ ಬ್ಯಾಂಕಿಗೆ ಮ್ಯಾಪ್ ಆಗಿದೆಯೋ ಅಲ್ಲಿಗೆ. ಬ್ಯಾಂಕಿನವರು ಎನ್‌ಪಿಸಿಐ ಮ್ಯಾಪಿಂಗ್ ಎನ್ನುವುದು ಇದನ್ನೇ. ಖಾತೆಗೆ ಆಧಾರ್ ಜೋಡಿಸಿದ್ದೇ ಬೇರೆ, ಮ್ಯಾಪಿಂಗ್ ಬೇರೆ. "ಲಿಂಕ್ ಆಗಿದೆ ಹೋಗಿ" ಎಂದು ಹೇಳಿಸಿಕೊಂಡು ಬಂದವರಲ್ಲಿ ಅರ್ಧ ಜನರದ್ದು ಮ್ಯಾಪ್ ಆಗಿರುವುದಿಲ್ಲ.

ಕೆಲವು ವರ್ಷದ ಹಿಂದೆ ಮುಳಬಾಗಿಲಿನ ಆಚೆಯ ಒಂದು ಹಳ್ಳಿಯ ಹುಡುಗ ಫಿಟ್ಟರ್ ಓದುತ್ತಿದ್ದ. ಕೈ ತುಂಬ ಚೊಕ್ಕ. ಅವನು ಉಜ್ಜಿದ ಲೋಹದ ಚೌಕವನ್ನು ಶಿಕ್ಷಕರು ಹೊಸ ಮಕ್ಕಳಿಗೆ ತೋರಿಸಲು ಎತ್ತಿಟ್ಟಿದ್ದರು. ಎರಡನೇ ಕಂತು ಕಟ್ಟಲು ಆಗಲಿಲ್ಲ. ಸ್ಕಾಲರ್‌ಷಿಪ್ ಬರಲಿಲ್ಲ ಎಂದು ಅವರಪ್ಪ ಬಂದು ಕೇಳಿದಾಗ ನಾನು "ಇನ್ನೂ ಬಂದಿಲ್ಲ ಅಣ್ಣ, ಕಾಯಿರಿ" ಎಂದೆ. ಅವರು ಕಾಯಲಿಲ್ಲ. ಹುಡುಗ ಬೆಂಗಳೂರಿಗೆ ಕೆಲಸಕ್ಕೆ ಹೋದ. ಮುಂದಿನ ವರ್ಷ ದಾಖಲೆ ತೆಗೆದು ನೋಡಿದರೆ ಹಣ ಆಗಲೇ ಬಿದ್ದಿತ್ತು, ಅವನು ಪ್ರಾಥಮಿಕ ಶಾಲೆಯಲ್ಲಿದ್ದಾಗ ತೆರೆದ, ಮನೆಯವರೆಲ್ಲ ಮರೆತಿದ್ದ ಒಂದು ಖಾತೆಗೆ. ಆವತ್ತು ನಾನು ಐದು ನಿಮಿಷ ಕೂತು ನೋಡಿದ್ದರೆ ಆ ಹುಡುಗ ಟ್ರೇಡ್ ಮುಗಿಸುತ್ತಿದ್ದ. ಅಂದಿನಿಂದ ಸೇರುವ ದಿನವೇ ಪ್ರತಿಯೊಬ್ಬರ ಮ್ಯಾಪಿಂಗ್ ನೋಡಿಯೇ ಕಳಿಸುತ್ತೇನೆ.

ನೀವೇ ನೋಡಬೇಕಿದ್ದರೆ ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ವಿದ್ಯಾರ್ಥಿಯ ಆಧಾರ್ ಹಾಕಿ. ಯಾವ ಬ್ಯಾಂಕು, ಯಾವ ಹಣ, ಯಾವ ದಿನ ಎಂದು ಕಾಣುತ್ತದೆ. ಬೇರೆ ಬ್ಯಾಂಕು ತೋರಿಸಿದರೆ ಗಾಬರಿಯಾಗಬೇಡಿ, ಆ ಬ್ಯಾಂಕಿಗೆ ಹೋಗಿ ಖಾತೆ ಚಾಲ್ತಿ ಮಾಡಿಸಿ, ಹಣ ಅಲ್ಲೇ ಇರುತ್ತದೆ.

ಆಧಾರ್‌ನಲ್ಲಿ ಒಂದು ಹೆಸರು, ಮಾರ್ಕ್ಸ್ ಕಾರ್ಡಿನಲ್ಲಿ ಒಂದು ಹೆಸರು. ತೊಂದರೆಯಾ?

ಆಗಬಹುದು. ನಮ್ಮ ಕಡೆ ಇನಿಷಿಯಲ್ ಮುಂದೊಂದು ಕಡೆ, ಹಿಂದೊಂದು ಕಡೆ. ತೆಲುಗಿನಲ್ಲಿ ಕರೆಯುವ ಹೆಸರು ಒಂದು, ಶಾಲೆಯಲ್ಲಿ ಬರೆಸಿದ್ದು ಇನ್ನೊಂದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರನ್ನೇ ಗಟ್ಟಿ ಎಂದು ಇಟ್ಟುಕೊಂಡು ಆಧಾರ್ ತಿದ್ದಿಸಿ. ಆಧಾರ್ ತಿದ್ದಿದ ಮೇಲೆ ಬ್ಯಾಂಕಿಗೂ ಹೋಗಿ ತಿಳಿಸಿ.

ಸೈಬರ್ ಸೆಂಟರ್‌ನವರು ಹಾಕಿಕೊಟ್ಟರು. ಸಾಕಲ್ವಾ?

ಹಾಕಿಸಿ, ತಪ್ಪಿಲ್ಲ, ಗ್ರಾಮ ಒನ್‌ನಲ್ಲೂ ಹಾಕುತ್ತಾರೆ. ಆದರೆ ಲಾಗಿನ್ ಐಡಿ, ಪಾಸ್‌ವರ್ಡ್ ನಿಮ್ಮ ನೋಟ್‌ಬುಕ್ಕಿನಲ್ಲಿ ಇರಲಿ, ಮೊಬೈಲ್ ನಂಬರ್ ನಿಮ್ಮದೇ ಇರಲಿ. ಅಂಗಡಿಯವರ ನಂಬರ್ ಕೊಟ್ಟು ಮುಂದಿನ ವರ್ಷ ಒಟಿಪಿಗೆ ಅಲೆದವರಿದ್ದಾರೆ. ಅಂಕಪಟ್ಟಿ, ಫೀಸಿನ ರಸೀದಿಗಳಿಗೆ ಇ-ದೃಢೀಕರಣ ಬೇಕಾದಾಗ ಅದನ್ನು ಕಾಲೇಜಿನ ಅಧಿಕಾರಿಯೇ ಮಾಡಬೇಕು, ಆದ್ದರಿಂದ ಮೂಲ ಪ್ರತಿಗಳೊಂದಿಗೆ ಮೊದಲು ನಮ್ಮಲ್ಲಿಗೆ ಬನ್ನಿ. ಅರ್ಜಿಯನ್ನು ಪ್ರತಿ ವರ್ಷವೂ ಹಾಕಬೇಕು, ಒಮ್ಮೆ ಹಾಕಿದರೆ ಮುಗಿಯಲಿಲ್ಲ. 2ಎ, 3ಎ, 3ಬಿಯವರ ಜಾತಿ ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷದ ಅವಧಿ, ಅದು ಮುಗಿದಿದೆಯೇ ಎಂದು ನಾಡಕಚೇರಿಗೆ ಹೋಗುವ ಮುಂಚೆ ದಿನಾಂಕ ನೋಡಿಕೊಳ್ಳಿ.

ಹಾಸ್ಟೆಲ್, ಬಸ್ಸು?

ಮೆಟ್ರಿಕ್ ನಂತರದ ಸರ್ಕಾರಿ ಹಾಸ್ಟೆಲಿಗೆ ರಾಜ್ಯ ಹಾಸ್ಟೆಲ್ ಪೋರ್ಟಲಿನಲ್ಲಿ ಅರ್ಜಿ. ಸೀಟು ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿಯಲ್ಲಿ ಊಟ ವಸತಿಗೆಂದು ಹತ್ತು ತಿಂಗಳು ಮಾಸಿಕ ನೆರವು. ಹಾಸ್ಟೆಲ್, ವಿದ್ಯಾಸಿರಿ ಎರಡೂ ಒಬ್ಬರಿಗೆ ಸಿಗುವುದಿಲ್ಲ. ಹುಡುಗಿಯರಿಗೆ 2023ರ ಜೂನ್ 11ರಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಶಕ್ತಿ ಯೋಜನೆಯ ಉಚಿತ ಪ್ರಯಾಣವಿದೆ. ಹುಡುಗರು ಸೇವಾ ಸಿಂಧುವಿನಲ್ಲಿ ವಿದ್ಯಾರ್ಥಿ ಪಾಸಿಗೆ ಅರ್ಜಿ ಹಾಕಿ.

ಸಾಲ ಮಾಡಿ ಓದಿಸಬಹುದಾ?

ಬ್ಯಾಂಕಿನಿಂದಾದರೆ ಮಾಡಬಹುದು. ವಾರದ ಕಂತಿನ ಸಂಘದ ಸಾಲ ತೆಗೆದು ಫೀಸು ಕಟ್ಟಬೇಡಿ. ಆ ಕಂತು ಮುಂದಿನ ವಾರವೇ ಶುರುವಾಗುತ್ತದೆ, ಮಗ ದುಡಿಯಲು ಎರಡು ವರ್ಷ ಬೇಕು. ಎಷ್ಟೋ ಮಕ್ಕಳನ್ನು ತರಗತಿಯಿಂದ ಎಬ್ಬಿಸಿ ಕೆಲಸಕ್ಕೆ ಕಳಿಸಿದ್ದು ಆ ಕಂತೇ.

ಐಟಿಐ, ಪಾಲಿಟೆಕ್ನಿಕ್ ಮಕ್ಕಳಿಗೆಂದೇ 2015ರಲ್ಲಿ ಕೌಶಲ ಸಾಲದ ಯೋಜನೆ ಬಂತು. ಆಗ 5,000ದಿಂದ 1.5 ಲಕ್ಷದವರೆಗೆ ಇತ್ತು, 2024ರಲ್ಲಿ ಮಿತಿಯನ್ನು 7.5 ಲಕ್ಷಕ್ಕೆ ಏರಿಸಿದರು. ಅಡಮಾನ ಕೇಳುವಂತಿಲ್ಲ. ಮೂಲ ಯೋಜನೆಯಂತೆ, ಒಂದು ವರ್ಷದವರೆಗಿನ ಕೋರ್ಸಾದರೆ ಮುಗಿದ ಆರು ತಿಂಗಳ ನಂತರ, ಅದಕ್ಕಿಂತ ದೊಡ್ಡದಾದರೆ ಹನ್ನೆರಡು ತಿಂಗಳ ನಂತರ ಕಂತು ಶುರು. 50,000ದವರೆಗಿನ ಸಾಲಕ್ಕೆ ಮೂರು ವರ್ಷ, 1 ಲಕ್ಷದವರೆಗೆ ಐದು ವರ್ಷ, ಅದರ ಮೇಲೆ ಏಳು ವರ್ಷ ತೀರಿಸಲು ಕಾಲಾವಕಾಶ. ಶಾಖೆಯಲ್ಲಿ "ಐಟಿಐಗೆ ಸಾಲ ಕೊಡೋದಿಲ್ಲ" ಎಂದರೆ ಯೋಜನೆಯ ಹೆಸರು ಹೇಳಿ, ನಿರಾಕರಣೆಯನ್ನು ಬರವಣಿಗೆಯಲ್ಲಿ ಕೇಳಿ, ಜಿಲ್ಲೆಯ ಲೀಡ್ ಬ್ಯಾಂಕ್ ಮ್ಯಾನೇಜರನ್ನು ಭೇಟಿ ಮಾಡಿ. ಟಿವಿಯಲ್ಲಿ ಕೇಳಿಬರುವ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ದೇಶದ ಆಯ್ದ ಉನ್ನತ ಸಂಸ್ಥೆಗಳಿಗೆ ಸಂಬಂಧಿಸಿದ್ದು, ಸಣ್ಣ ಕಾಲೇಜಿಗೆ ಅದನ್ನು ನಂಬಿಕೊಳ್ಳಬೇಡಿ.

ಓದು ಮುಗಿದ ತಕ್ಷಣ ದುಡ್ಡು ಕಾಣುತ್ತಾ?

ಅಪ್ರೆಂಟಿಸ್ ಆಗಿ ಸೇರಿದರೆ ಕಾಣುತ್ತದೆ. 2019ರಲ್ಲಿ ತಿದ್ದಿದ ನಿಯಮದಲ್ಲಿ ಐಟಿಐ ಪಾಸಾದವರಿಗೆ ತಿಂಗಳಿಗೆ ಕನಿಷ್ಠ 7,000, ಡಿಪ್ಲೊಮಾದವರಿಗೆ 8,000 ಎಂದಿತ್ತು. ನರಸಾಪುರ, ವೇಮಗಲ್, ಮಾಲೂರಿನ ಕೈಗಾರಿಕಾ ಪ್ರದೇಶಗಳು, ಕೆಜಿಎಫ್‌ನ ಬಿಇಎಂಎಲ್ ಎಲ್ಲ ನಮ್ಮ ಜಿಲ್ಲೆಯಲ್ಲೇ ಇವೆ. ಏಜೆಂಟರ ಮೂಲಕ ಗುತ್ತಿಗೆಗೆ ಸೇರುವುದನ್ನೂ ಕಾಯ್ದೆಯಡಿ ಒಪ್ಪಂದವಾದ ಅಪ್ರೆಂಟಿಸ್‌ಷಿಪ್ಪನ್ನೂ ಒಂದೇ ಎಂದುಕೊಳ್ಳಬೇಡಿ. ಎರಡನೆಯದಕ್ಕೆ ನೋಂದಣಿ ಸಂಖ್ಯೆ ಇರುತ್ತದೆ, ಕೊನೆಗೆ ಸರ್ಟಿಫಿಕೇಟ್ ಬರುತ್ತದೆ.

ಅಪ್ರೆಂಟಿಸ್ ಇದ್ದುಕೊಂಡು ಯುವನಿಧಿ ತೆಗೆದುಕೊಳ್ಳಬಹುದಾ?

ಇಲ್ಲ.

ಫೀಸು ಬಾಕಿ ಇದೆ ಅಂತ ಮಾರ್ಕ್ಸ್ ಕಾರ್ಡ್ ಇಟ್ಟುಕೊಂಡರೆ?

ಎಐಸಿಟಿಇ ಮಾನ್ಯತೆಯ ಕಾಲೇಜುಗಳು ಮೂಲ ಪ್ರಮಾಣಪತ್ರಗಳನ್ನು ಒತ್ತೆ ಇಟ್ಟುಕೊಳ್ಳುವಂತಿಲ್ಲ. ಸೇರುವಾಗಲೇ ಪರಿಶೀಲನೆಗೆ ಮೂಲ ತೋರಿಸಿ, ನಕಲು ಕೊಟ್ಟು ಬನ್ನಿ.

ಮಗ ಇನ್ನು ಓದಲ್ಲ ಅಂತಿದಾನೆ. ಟಿಸಿ ಕೊಡಿ ಮೇಡಂ.

ಟಿಸಿ ಅರ್ಜಿ ಬರೆಯುವ ಮುಂಚೆ ಅವನನ್ನೂ ಕರೆದುಕೊಂಡು ಒಂದು ಸಲ ಬನ್ನಿ. ಅವನ ಆಧಾರ್, ಮನೆಯಲ್ಲಿರುವ ಎಲ್ಲ ಪಾಸ್‌ಬುಕ್ಕು, ಹಳೆಯವೂ ಸೇರಿ, ಫೀಸು ಕಟ್ಟಿದ ರಸೀದಿಗಳು, ಆಧಾರ್‌ಗೆ ಜೋಡಿಸಿದ ಸಿಮ್ ಇರುವ ಫೋನು ತನ್ನಿ. ಮಧ್ಯಾಹ್ನ ಎರಡರ ಮೇಲೆ ಕೌಂಟರಿನಲ್ಲಿ ಜನ ಕಡಿಮೆ, ಕೂತು ನೋಡೋಣ.